ಕಣಜ ಬಿಟ್ಟವನ ನಿದ್ದೆ

ಎಚ್ಚರವಾಗಿದ್ದುಕೊಂಡೇ ನನ್ನಷ್ಟು ಚೆನ್ನಾಗಿ ನಿದ್ದೆ ಮಾಡಿದ ಗಂಡಸು ನಮ್ಮ ಊರಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಕಾಣುತ್ತಿಲ್ಲ. ಬೇರೆ ಊರಿನವರಿಗೆ ಇದೊಂದು ವಿದ್ಯೆ ಅನ್ನಿಸಲಿಕ್ಕಿಲ್ಲ. ಪಾಪ, ಅವರು ನಮ್ಮ ಊರಿನ ನಿದ್ದೆ ನೋಡಿಲ್ಲ. ನಮ್ಮಲ್ಲಿ ಒಂದು ಜೀವ ತೆಗೆದವನು, ಆ ಜೀವ ಇನ್ನೆಷ್ಟು ಕಾಲ ಬದುಕಬೇಕಿತ್ತೋ ಅಷ್ಟೂ ಕಾಲ ನಿದ್ದೆ ಹೋಗುತ್ತಾನೆ. ನಿಂತಿದ್ದರೆ ನಿಂತಲ್ಲಿಯೇ ಕುಸಿಯುತ್ತಾನೆ, ಕೂತಿದ್ದರೆ ಕೂತಲ್ಲಿಯೇ ಒರಗುತ್ತಾನೆ. ತಮಟೆ ಬಡಿದರೂ ಏಳುವುದಿಲ್ಲ. ಹಸಿವಿಲ್ಲ, ಬಾಯಾರಿಕೆಯಿಲ್ಲ, ಗಡ್ಡ ಕೂಡ ಬೆಳೆಯುವುದಿಲ್ಲ. ಲೆಕ್ಕ ತೀರಿದ ಗಳಿಗೆಗೆ ಎದ್ದು ಕೂತು, ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದಲೇ ಮಾತು ಮುಂದುವರಿಸುತ್ತಾನೆ. ನಮ್ಮ ಚಿಕ್ಕಪ್ಪನೊಬ್ಬ "ಅಕ್ಕಿ ತರೋಕೆ" ಅಂತ ಹೇಳಿ ಓತಿಕ್ಯಾತನ ಮೇಲೆ ಕಾಲಿಟ್ಟವನು, ಎದ್ದು "ಹೊರಟಿದೀನಿ" ಅನ್ನುವಷ್ಟರಲ್ಲಿ ಅವನ ಮಗಳಿಗೆ ಮದುವೆಯಾಗಿತ್ತು.

ಇದರ ಜೊತೆ ಬದುಕುವುದನ್ನು ನಾವು ಚೆನ್ನಾಗಿಯೇ ಕಲಿತಿದ್ದೇವೆ. ನಾವು ನಡೆಯುವ ರೀತಿ ನೋಡಿದ ಹೊರಗಿನವರು, ಈ ಊರಿನವರೆಲ್ಲ ಏನೋ ಬೀಳಿಸಿಕೊಂಡು ಹುಡುಕುತ್ತಿದ್ದಾರೆ ಅಂದುಕೊಳ್ಳುತ್ತಾರೆ. ನಿದ್ದೆಯನ್ನು ನಾವು ಗಡಿಯಾರದಲ್ಲಿ ಅಳೆಯುವುದಿಲ್ಲ, ಜೀವದಲ್ಲಿ ಅಳೆಯುತ್ತೇವೆ. ಅವರು ಮನೆಯಲ್ಲಿದ್ದಾರಾ ಅಂತ ಕೇಳಿದರೆ, ಇದ್ದಾರೆ, ಆದರೆ ಒಂದು ಚಿಟ್ಟೆ ಮಲಗಿದ್ದಾರೆ, ಅಂತ ಉತ್ತರ ಬರುತ್ತದೆ. ನಿದ್ದೆ ಬಾರದ ಮುದುಕಿಯರು ಲೋಟದ ಕೆಳಗೆ ಒಂದು ಮುದಿ ಸೊಳ್ಳೆ ಇಟ್ಟುಕೊಂಡಿರುತ್ತಾರೆ. ನಾಟಿ ಕೆಲಸದ ಹೊತ್ತಿಗೆ ಮಾವನ ಮನೆಗೆ ಬಂದ ಅಳಿಯ ಮಿಡತೆಯನ್ನು 'ನೋಡದೆ' ತುಳಿದರೆ, ಅದು ಎಂಥ ನೋಡದೇ ಇರುವುದು ಅಂತ ಎಲ್ಲರಿಗೂ ಗೊತ್ತು. ದೊಡ್ಡ ನಿದ್ದೆಯವರಿಗೆ ಊರ ನಡುವೆ ಕಲ್ಲಿನ ಮಂಟಪವಿದೆ. ಗಾಡಿ ಚಕ್ರಕ್ಕೆ ಆಮೆ ಸಿಕ್ಕಿಸಿಕೊಂಡ ಒಬ್ಬ ತಾತ ನಮ್ಮ ಅಜ್ಜನ ಕಾಲದಿಂದ ಅಲ್ಲಿದ್ದಾನೆ. ಅವನ ಪಕ್ಕದಲ್ಲಿ, ಯಾರ ಮಾತೂ ಕೇಳದೆ ಹೊಲಕ್ಕೆ ಕೀಟನಾಶಕ ಹೊಡೆದವನೊಬ್ಬ ಮಲಗಿದ್ದಾನೆ. ಅವನು ಹೊಡೆದದ್ದು ಅರ್ಧ ಸಾಲು ಮಾತ್ರ. ಆ ಅರ್ಧ ಸಾಲಿನ ಹುಳುಗಳ ಆಯುಸ್ಸನ್ನು ಕೂಡಿಸಲು ಕೂತ ಮೇಷ್ಟರು ಮಧ್ಯದಲ್ಲೇ ಸೀಮೆಸುಣ್ಣ ಕೆಳಗಿಟ್ಟರು. ಪಂಪು ಇನ್ನೂ ಅವನ ಬೆನ್ನಿಗೇ ಇದೆ, ಬಿಚ್ಚಲು ಯಾರಿಗೂ ಧೈರ್ಯವಿಲ್ಲ.

ಪ್ರಾಣಿಗಳಿಗೂ ಇದೇ ಕಟ್ಟಳೆ. ಬೆಕ್ಕು ಒಂದು ಇಲಿ ಹಿಡಿದರೆ ಆ ಇಲಿಯ ಆಯುಸ್ಸು ಮುಗಿಯುವವರೆಗೆ ಒಲೆ ಮುಂದೆ ಬಿದ್ದಿರುತ್ತದೆ. ನಮ್ಮ ಮನೆಗಳ ಗೋಡೆಗಳಲ್ಲಿ ಹಲ್ಲಿಗಳು ಬಾಯಿಂದ ಅರ್ಧ ರೆಕ್ಕೆ ಹೊರಗೆ ಚಾಚಿಕೊಂಡು ಗೊರಕೆ ಹೊಡೆಯುತ್ತವೆ. ಹುಳು ತಿನ್ನುವ ಹಕ್ಕಿಗಳು ಮರದಿಂದ ಉದುರಿ ಉದುರಿ ಬೇಸತ್ತು, ಈ ಊರಿನ ಸಹವಾಸವೇ ಬೇಡವೆಂದು ಹೋಗಿ ತಲೆಮಾರುಗಳಾದವು. ಹೀಗಾಗಿ ಬೆಳೆ ತಿನ್ನುವ ಹುಳುವಿಗೆ ನಮ್ಮ ಊರು ತವರುಮನೆ. ಹೊಡೆಯುವವರಿಲ್ಲ, ಹಿಡಿಯುವವರಿಲ್ಲ. ಎಲೆಯ ಮೇಲಿನ ಹುಳುವನ್ನಾದರೂ ನಾವು ಬೊಗಸೆಯಲ್ಲಿ ಎತ್ತಿಕೊಂಡು ಹೋಗಿ ಬೇಲಿಯಾಚೆ ಬಿಟ್ಟು ಬರುತ್ತೇವೆ. ಬದನೆಯ ಕಾಯಿಕೊರಕವನ್ನು ಏನು ಮಾಡುವುದು? ಅದು ಮೊಟ್ಟೆಯಿಂದ ಹೊರಬಿದ್ದದ್ದೇ ಕುಡಿಯೊಳಗೆ ನುಗ್ಗುತ್ತದೆ, ಆಮೇಲೆ ಕಾಯೊಳಗೆ. ಅದನ್ನು ಎತ್ತಿಕೊಂಡು ಹೋಗಬೇಕೆಂದರೆ ಕಾಯಿಯನ್ನೇ ಎತ್ತಿಕೊಂಡು ಹೋಗಬೇಕು.

ಬದನೆ ಅಂದೆನಲ್ಲ, ನನ್ನ ಹೆಂಡತಿ ಚಿಕ್ಕತಾಯಿಯ ಬದನೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಮುಷ್ಟಿಗಾತ್ರದ ಕಾಯಿ, ಹಸಿರು ಮೈ, ಮೇಲೆ ಬಿಳಿ ಗೀರು. ಅದರ ಬೀಜವನ್ನು ಅವಳು ಮದುವೆಯ ದಿನ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದಳು. ಅವಳ ತಾಯಿಯ ಊರಲ್ಲಿ ಆ ತಳಿ ಈಗ ಇಲ್ಲ, ಇನ್ನೆಲ್ಲಿಯೂ ಇಲ್ಲ. ಅದರ ಎಣ್ಣೆಗಾಯಿಯ ವಾಸನೆಗೆ ನಮ್ಮೂರ ಹೊಳೆ ಒಂದು ಸಲ ತನ್ನ ಪಾತ್ರ ಬಿಟ್ಟು ನಮ್ಮ ಹಿತ್ತಿಲ ಕಡೆ ಗೇಣಷ್ಟು ತಿರುಗಿತ್ತು. ಯಾರೂ ನೋಡಲಿಲ್ಲ, ನಾನು ನೋಡಿದೆ. ಆದರೆ ಎರಡು ಮೂರು ವರ್ಷಗಳಿಂದ ಕೊರಕ ಹೆಚ್ಚಾಗಿ, ಬುಟ್ಟಿ ತುಂಬ ಕೊಯ್ದರೆ ನಮ್ಮಿಬ್ಬರ ಒಂದು ಹೊತ್ತಿಗೆ ಆಗುವಷ್ಟೂ ಒಳ್ಳೆಯ ಕಾಯಿ ಸಿಗುತ್ತಿರಲಿಲ್ಲ. ಸಂತೆಯಲ್ಲಿ ದಲ್ಲಾಳಿ ಒಂದು ಕಾಯಿ ಕೊಯ್ದು ನೋಡಿ, ಮೂಟೆಯ ಬಾಯಿ ಕಟ್ಟಿ ಹಿಂದಕ್ಕೆ ಕೊಡುತ್ತಿದ್ದ. ಕೊನೆಗೆ ನಮ್ಮ ಪಟೇಲ ಉಗ್ರೇಗೌಡರು ತೀರ್ಮಾನ ಹೇಳಿದರು. ಈ ಬೆಳೆಯೇ ಕೊನೆ. ಹುಳು ನಿಲ್ಲದಿದ್ದರೆ ಊರಲ್ಲಿರುವ ಅಷ್ಟೂ ಬದನೆ ಗಿಡ ಕಿತ್ತು, ಹುಳು ತಾನಾಗಿ ಊರು ಬಿಡುವವರೆಗೆ ಯಾರೂ ಬದನೆ ಹಾಕಕೂಡದು. ಬಿತ್ತದೆ ಇಟ್ಟ ಬೀಜ ಎಷ್ಟು ವರ್ಷ ತಾಳುತ್ತದೆ ಅಂತ ಚಿಕ್ಕತಾಯಿ ಕೇಳಿದಳು. ಪಟೇಲರು ಎಲೆಯಡಿಕೆ ಹಾಕಿಕೊಂಡರು.

ಅವಳು ಅಳುತ್ತ ಕೂರುವ ಪೈಕಿಯಲ್ಲ. ಬಸ್ಸು ಹತ್ತಿ ಎಲ್ಲೆಲ್ಲೋ ವಿಚಾರಿಸಿ, ಒಂದು ಕೃಷಿ ಕಾಲೇಜಿನಿಂದ ಕುಮುದಿನಿ ಮೇಡಂ ಅನ್ನುವವರನ್ನು ಊರಿಗೆ ಕರೆದುಕೊಂಡು ಬಂದಳು. ಮೇಡಂ ತೆಳ್ಳಗೆ, ಕನ್ನಡಕ, ಕೈಯಲ್ಲಿ ಐಸ್ ಕ್ಯಾಂಡಿ ಮಾರುವವರ ಹಾಗೆ ಒಂದು ಥರ್ಮಾಕೋಲ್ ಡಬ್ಬಿ. ಕೇಳಿದ್ದಕ್ಕೆ ಮಾತ್ರ ಉತ್ತರ, ಅಳೆಯದೇ ಇದ್ದದ್ದನ್ನು ಬಾಯಿಬಿಟ್ಟು ಹೇಳುವವರಲ್ಲ. ನನ್ನಂಥವನಿಗೆ ಅವರ ಪಕ್ಕ ಕೂತರೆ ಉಸಿರು ಕಟ್ಟುತ್ತಿತ್ತು. ಡಬ್ಬಿಯೊಳಗೆ ಅಂಚೆ ಕಾರ್ಡಿನಂಥ ರಟ್ಟುಗಳು, ರಟ್ಟಿನ ಮೇಲೆ ಗಸಗಸೆ ಅಂಟಿಸಿದ ಹಾಗೆ ಕಪ್ಪು ಚುಕ್ಕಿಗಳು. ಒಂದೊಂದು ಚುಕ್ಕಿಯೊಳಗೂ ಒಂದೊಂದು ಕಣಜವಿದೆ ಅಂದರು. ಕಣಜ ಅಂದರೆ ಮುಖ ಊದಿಸುವ ಆ ಕಣಜವಲ್ಲ. ರಾಗಿಕಾಳಿನ ಮೇಲೆ ಕೂತು ಓಡಾಡಲು ಜಾಗ ಮಿಗುವಷ್ಟು ಸಣ್ಣದು. ಅದು ಹೋಗಿ ಕಾಯಿಕೊರಕದ ಮೊಟ್ಟೆಯನ್ನು ಹುಡುಕಿ, ಅದರೊಳಗೆ ತನ್ನ ಮೊಟ್ಟೆ ಇಡುತ್ತದಂತೆ. ಕಣಜದ ಮರಿ ಒಳಗಿನದನ್ನೆಲ್ಲ ತಿಂದು ಬೆಳೆಯುತ್ತದಂತೆ. ಹುಳುವು ಹುಳುವಾಗುವ ಮೊದಲೇ ಮುಗಿಯಿತು.

ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೇಳಿತು. ಆಮೇಲೆ ಪಟೇಲರು ಕೇಳಬೇಕಾದ್ದನ್ನು ಕೇಳಿದರು. ಸರಿ, ಕೊಂದದ್ದು ಯಾರ ಲೆಕ್ಕಕ್ಕೆ? ಮರಿಯ ಲೆಕ್ಕಕ್ಕೋ, ಮೊಟ್ಟೆ ಇಟ್ಟ ತಾಯಿಯ ಲೆಕ್ಕಕ್ಕೋ, ಇಲ್ಲಾ ಅದನ್ನು ಹೊಲಕ್ಕೆ ತಂದು ಬಿಟ್ಟವನ ಲೆಕ್ಕಕ್ಕೋ? ಈ ವ್ಯಾಜ್ಯ ನಮ್ಮಲ್ಲಿ ಹಳೆಯದು. ಹಿಂದೆ ಒಬ್ಬ ಹೆಗ್ಗಣದ ಮೇಲೆ ನಾಯಿ ಛೂ ಬಿಟ್ಟಿದ್ದ. ನಾಯಿ ಮಲಗಿತು, ಅದು ನಿಜ. ಆದರೆ ಅವನೂ ಅವತ್ತೆಲ್ಲ ಆಕಳಿಸುತ್ತಿದ್ದ ಅಂತ ಅರ್ಧ ಊರು ಹೇಳುತ್ತದೆ, ಅವನಿಗೆ ಹಿಂದಿನ ದಿನ ಜಾಗರಣೆಯಿತ್ತು ಅಂತ ಇನ್ನರ್ಧ ಊರು. ಕಣಜ ಬಿಟ್ಟವನ ಮೇಲೆ ಲೆಕ್ಕ ಬಿದ್ದರೆ ಅದು ಹೆಗ್ಗಣದ ಲೆಕ್ಕವಲ್ಲ, ಹೊಲದ ಹುಳುಗಳೆಲ್ಲದರ ಲೆಕ್ಕ. ಮಲಗಿದವನು ಮತ್ತೆ ಏಳುವ ಮಾತೇ ಇಲ್ಲ. ಮೇಡಂ ತಾವೇ ಬಿಡುತ್ತೇನೆ ಅಂದರು. ನೆಂಟರನ್ನು ಮಲಗಿಸಿಕೊಂಡ ಊರು ಅನ್ನಿಸಿಕೊಳ್ಳಲು ಪಟೇಲರು ಒಪ್ಪಲಿಲ್ಲ. ಹಾಗಾದರೆ ನನ್ನ ಹೊಲ, ನಾನೇ ಬಿಡುತ್ತೇನೆ ಅಂತ ಚಿಕ್ಕತಾಯಿ ಎದ್ದು ನಿಂತಳು.

ನಾನು ಆಗ ಅಲ್ಲಿರಲಿಲ್ಲ. ಕೆಂಚಪ್ಪನ ಟೀ ಅಂಗಡಿಯಲ್ಲಿ ಕೂತು, ಈ ಊರಲ್ಲಿ ಗಂಡಸರೇ ಇಲ್ಲವಾ, ನಾನಾಗಿದ್ದರೆ ಒಂದು ಕೈಯಲ್ಲಿ ಟೀ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಅಷ್ಟೂ ಕಣಜ ಬಿಟ್ಟು ಬರುತ್ತಿದ್ದೆ, ಅಂತ ನಾಲ್ಕು ಜನರ ಮುಂದೆ ಹೇಳುತ್ತಿದ್ದೆ. ದಿನವೂ ಇಂಥ ಹತ್ತು ಮಾತು ಹೇಳುತ್ತೇನೆ. ಕೇಳಿದವರು ನಕ್ಕು ಮರೆಯುವುದು ವಾಡಿಕೆ. ಅವತ್ತು ಕೆಂಚಪ್ಪ ಯಾಕೋ ನಗಲಿಲ್ಲ. ಲೋಟ ತೊಳೆಯುವುದನ್ನು ಬಿಟ್ಟು ಎದ್ದು ಪಟೇಲರ ಹತ್ತಿರ ಹೋದ. ನಾನು ಮನೆ ಮುಟ್ಟುವ ಹೊತ್ತಿಗೆ ಬಾಗಿಲಲ್ಲಿ ಪಟೇಲರು, ಅವರ ಹಿಂದೆ ಊರು. ಚಿಕ್ಕತಾಯಿ ಮಾತ್ರ ನನ್ನನ್ನು ಒಂದು ಥರ ನೋಡಿದಳು. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಮೆಚ್ಚಿಕೊಂಡು ನೋಡಿದ್ದು ಅದೇ ಮೊದಲಿರಬೇಕು, ಹಾಗಾಗಿ ನನಗೆ ಗುರುತೇ ಸಿಗಲಿಲ್ಲ. ಆ ನೋಟದ ಮುಂದೆ, ತಮಾಷೆಗೆ ಅಂದೆ ಅಂತ ಹೇಳಲು ನಾಲಿಗೆ ಏಳಲಿಲ್ಲ.

ಕಣಜ ಬಿಟ್ಟ ದಿನ ನನ್ನನ್ನು ನೀವು ನೋಡಬೇಕಿತ್ತು. ಸಂಜೆ ಬಿಸಿಲು ತಗ್ಗಿದ ಮೇಲೆ ರಟ್ಟನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಎಲೆಯ ತಳಭಾಗಕ್ಕೆ ದಾರದಲ್ಲಿ ಕಟ್ಟಬೇಕು, ಅಷ್ಟೇ ಕೆಲಸ. ನಾನು ಒಂದೊಂದು ಪಟ್ಟಿ ಕಟ್ಟುವಾಗಲೂ ಊರಿನ ಕಡೆ ತಿರುಗಿ ಎರಡು ಮಾತು ಆಡಿದೆ. ಕಟ್ಟಿದ ಗಂಟು ಮತ್ತೆ ಮತ್ತೆ ಬಿಚ್ಚಿಹೋಗುತ್ತಿತ್ತು ಅಂತ ಕೆಲವರು ಈಗಲೂ ಹೇಳುತ್ತಾರೆ, ಅದು ಗಾಳಿ. ಮೊಟ್ಟೆಯೊಳಗಿನ ಹುಳು ಸಾಯಲು ಎರಡು ಮೂರು ದಿನ ಬೇಕು ಅಂದಿದ್ದರು ಮೇಡಂ. ಆ ದಿನಗಳು ನನ್ನ ಜೀವನದ ಸುವರ್ಣ ಕಾಲ. ಇನ್ನು ಏಳದವನು ತಾನೇ ಅಂತ ಮನೆ ಮನೆಯಲ್ಲೂ ಕರೆದು ಒಬ್ಬಟ್ಟಿನ ಊಟ ಹಾಕಿದರು. ಜನ್ಮದಲ್ಲಿ ನನಗೆ ಟೀ ಸಾಲ ಕೊಡದ ಕೆಂಚಪ್ಪ ತಾನೇ ಬಂದು ಬೋಂಡ ಕರಿದು ಕೊಟ್ಟ. ಮಂಟಪದಲ್ಲಿ ಆಮೆ ತಾತನನ್ನು ಒಂದಿಷ್ಟು ಸರಿಸಿ ನನಗೆ ಜಾಗ ಮಾಡಿದರು. ನಾನೇ ಹೋಗಿ, ತಲೆ ಯಾವ ಕಡೆ ಬಂದರೆ ನೋಡುವವರಿಗೆ ನನ್ನ ಮೂಗು ಚೆನ್ನಾಗಿ ಕಾಣುತ್ತದೆ ಅಂತ ತೋರಿಸಿ ಬಂದೆ.

ಮೇಡಂ ಹೇಳಿದ ಹೊತ್ತು ಬಂತು. ನಮ್ಮ ಮನೆಯ ಜಗಲಿಯಲ್ಲಿ ಮಂಚ ಹಾಕಿ, ಹೊಸ ಚಾಪೆ ಹಾಸಿ, ಕೊರಳಿಗೆ ಸೇವಂತಿಗೆ ಹಾರ ಹಾಕಿ ನನ್ನನ್ನು ಕೂರಿಸಿದರು. ಊರೆಲ್ಲ ಉಸಿರು ಬಿಗಿಹಿಡಿದು ನಿಂತಿತ್ತು. ನಾನು ಕೂತೆ. ಏನೂ ಆಗಲಿಲ್ಲ. ಇನ್ನೂ ಕೂತೆ. ಹಿಂದೆ ಯಾರೋ ಕೆಮ್ಮಿದರು. ಒಬ್ಬಳು, ಎಮ್ಮೆ ಕರೆಯುವ ಹೊತ್ತಾಯಿತು ಅಂದಳು. ಕೆಂಚಪ್ಪ ಬೋಂಡ ಹಾಕಿದ ಕೈಯನ್ನೇ ನೋಡಿಕೊಳ್ಳುತ್ತ, ಸುಮ್ನೆ ಎಣ್ಣೆ ಖರ್ಚಾಯ್ತು ಅನ್ನುವ ಹಾಗೆ ನಿಂತಿದ್ದ. ಆಗ ನನಗೊಂದು ಆಕಳಿಕೆ ಬಂತು. ಅದು ಒಬ್ಬಟ್ಟಿನ ಆಕಳಿಕೆ, ದೇವರಾಣೆ. ಆದರೆ ಇಡೀ ಊರು ಒಟ್ಟಿಗೆ "ಬಂತು" ಅಂದಿತು. ಅಷ್ಟು ಜನ ಅಷ್ಟು ಆಸೆಯಿಂದ ಅಂದದ್ದನ್ನು ಸುಳ್ಳು ಮಾಡುವುದು ಹೇಗೆ? ದಾಕ್ಷಿಣ್ಯದ ಮನುಷ್ಯ ನಾನು. ಮೆಲ್ಲಗೆ ಒರಗಿ ಕಣ್ಣು ಮುಚ್ಚಿದೆ.

ಎರಡು ನಿಮಿಷ ಬಿಟ್ಟು ಎದ್ದು, ನೋಡಿ ಏನೂ ಆಗಲಿಲ್ಲ, ಅನ್ನುವ ಯೋಚನೆ ಇತ್ತು. ಅಷ್ಟರಲ್ಲಿ ಪಟೇಲರು ನನ್ನ ಬಗ್ಗೆ ಮಾತು ಶುರುಮಾಡಿದರು. ಬದುಕಿರುವವನಿಗೆ ತನ್ನ ಬಗ್ಗೆ ಒಳ್ಳೆಯ ಮಾತು ಕೇಳುವ ಭಾಗ್ಯ ಎಷ್ಟು ಸಲ ಬರುತ್ತದೆ ಹೇಳಿ. ಇದೊಂದು ವಾಕ್ಯ ಮುಗಿಯಲಿ, ಇನ್ನೊಂದು ಮುಗಿಯಲಿ ಅಂತ ಕಾದೆ. ಪಟೇಲರು ಕೊನೆಗೆ ತಮ್ಮ ಕೈಯಾರೆ ನನ್ನ ಕಾಲಿಗೆ ಹೂ ಹಾಕಿದರು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಪಟೇಲರ ಕೈಯಲ್ಲಿ ಕಾಲಿಗೆ ಹೂ ಹಾಕಿಸಿಕೊಂಡವನು ಎದ್ದು ಕೂರುವುದು ಹೇಗೆ?

ಮಂಟಪಕ್ಕೆ ಸಾಗಿಸುವುದು ಒಳ್ಳೆಯ ದಿನ ನೋಡಿ ಅಂತಾಗಿ, ಜನ ಕರಗಿದ ಮೇಲೆ ಚಿಕ್ಕತಾಯಿ ಮಂಚದ ಪಕ್ಕ ಬಂದು ಕೂತಳು. ಒಂದು ಹನಿ ನನ್ನ ಕೈ ಮೇಲೆ ಬಿತ್ತು. ಇನ್ನು ತಡೆಯಲಾರೆ, ಕಣ್ಣು ಬಿಡಬೇಕು ಅನ್ನುವಷ್ಟರಲ್ಲಿ ಅವಳ ಉಸಿರಾಟ ಬದಲಾಯಿತು.

"ನಿದ್ದೆ ಬಂದ್ರೆ ನಿಮ್ಮ ಬಾಯಿ ತೆರ್ಕೊಳ್ತದೆ," ಅಂದಳು. "ಈಗ ಮುಚ್ಕೊಂಡಿದೆ. ಎಚ್ಚರವಾಗಿದ್ದು ಬಾಯಿ ಮುಚ್ಕೊಂಡಿರೋದು ಮದ್ವೆ ಆದಾಗಿಂದ ಇದೇ ಮೊದಲು."

ನಾನು ನಿದ್ದೆಯನ್ನು ಇನ್ನಷ್ಟು ಗಟ್ಟಿಯಾಗಿ ಮಾಡಿದೆ. ಅವಳು ಎದ್ದು ಒಳಗೆ ಹೋಗಿ ಬದನೆಕಾಯಿ ಎಣ್ಣೆಗಾಯಿಗೆ ಮಸಾಲೆ ಹುರಿಯಲು ಶುರುಮಾಡಿದಳು. ನಿಜವಾಗಿ ಮಲಗಿದವರಿಗೆ ಹಸಿವಿಲ್ಲ ಅಂದೆನಲ್ಲ, ಸುಳ್ಳಾಗಿ ಮಲಗಿದವರಿಗೆ ಮೂರು ಪಾಲು ಹಸಿವು. ಆ ವಾಸನೆಯಲ್ಲಿ ನಾನು ಅನುಭವಿಸಿದ ಯಾತನೆಯನ್ನು ಯಮನ ಊರಿನವರೂ ಕೇಳಿದರೆ ತಮ್ಮ ಕೆಲಸದ ಬಗ್ಗೆ ನಾಚಿಕೊಳ್ಳುತ್ತಾರೆ. ಮಲಗಿದವರ ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು ನಮ್ಮ ಪದ್ಧತಿ. ಅವಳು ಆ ಬಟ್ಟೆಯನ್ನು ರಾಗಿಗಂಜಿಯಲ್ಲಿ ಅದ್ದಿ ತಂದು, ಒರೆಸುವ ನೆಪದಲ್ಲಿ ತುಟಿಯ ಮೇಲೆ ಹಿಂಡುತ್ತಿದ್ದಳು. ಅದರಲ್ಲೇ ಬದುಕಿದೆ. ಗಡ್ಡ ಬೆಳೆಯತೊಡಗಿದಾಗ ಊರು ಮಲಗಿದ ಮೇಲೆ ಕ್ಷೌರದ ಕತ್ತಿ ತಂದಳು. ಗಂಟಲ ಹತ್ತಿರ ಬಂದಾಗ ಕೈ ಬೇಕೆಂದೇ ನಿಧಾನ ಮಾಡಿದಳು. ಇದು ನಾಳೆಗೆ ಮುಗೀಬೇಕು ಅಂದಳು. ಮುಗಿಸುವ ದಾರಿ ನನಗೂ ಗೊತ್ತಿರಲಿಲ್ಲ. ನಾಳೆ ಅನ್ನುವುದು ಬಂತು, ಹೋಯಿತು. ನನ್ನನ್ನು ನೋಡಲು ಪಕ್ಕದ ಓಣಿಗಳಿಂದ ಜನ ಬರುತ್ತಿದ್ದರು. ಹಣ್ಣು ತಂದು ತಲೆಯ ಹತ್ತಿರ ಇಡುತ್ತಿದ್ದರು. ಬಾಳೆಹಣ್ಣನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಕಣ್ಣು ಮುಚ್ಚಿಕೊಂಡು ಯಾರೂ ನೋಡಿರಲಾರರು.

ಇತ್ತ ಹೊಲದಲ್ಲಿ ಕಣಜ ತನ್ನ ಕೆಲಸ ಮಾಡಿತ್ತು. ಮೇಡಂ ಎಲೆ ಎಲೆ ಮಗುಚಿ ನೋಡಿದರು. ಕಾಯಿಕೊರಕದ ಮೊಟ್ಟೆಗಳು ಕಪ್ಪಾಗಿದ್ದವು, ಹೊಸ ಕುಡಿ ಒಂದೂ ಬಾಡಿರಲಿಲ್ಲ. ಕಪ್ಪಾದ ಮೊಟ್ಟೆಯನ್ನು ಬಿಡಿಸಿ ಮಸೂರದಲ್ಲಿ ನೋಡಿದರೆ ಒಳಗೆ ಕಣಜದ ಮರಿ ಮುದುರಿಕೊಂಡು, ಕದಲದೆ ಮಲಗಿತ್ತಂತೆ. ಅವರ ಕಾಲೇಜಿನಲ್ಲಾದರೆ ಅಷ್ಟು ಹೊತ್ತಿಗೆ ರೆಕ್ಕೆ ಬಂದು ಹಾರಬೇಕು. ಇಲ್ಲಿ, ತಾನು ತಿಂದ ಹುಳುವಿನ ಆಯುಸ್ಸು ಮುಗಿಯುವವರೆಗೆ ಅದು ಏಳುವುದಿಲ್ಲ. ಹಾಗಾಗಿ ಹಾರುವ ಕಣಜವನ್ನು ಮತ್ತೆ ಮತ್ತೆ ಹೊರಗಿನಿಂದ ತಂದು ಬಿಡುತ್ತಿರಬೇಕು. ಮುಂದಿನ ಕಂತಿನ ರಟ್ಟುಗಳು ಆಗಲೇ ಡಬ್ಬಿಯಲ್ಲಿದ್ದವು, ಒಡೆಯುವ ಹಂತಕ್ಕೆ ಬಂದಿದ್ದವು. ಇದನ್ನೆಲ್ಲ ಮೇಡಂ ಪಟೇಲರಿಗೆ ವಿವರಿಸಿದರು. ಲೆಕ್ಕ ಬಿದ್ದಿರುವುದು ಮರಿಯ ಮೇಲೆ, ಬಿಟ್ಟವನ ಮೇಲೆ ಅಲ್ಲ, ಅಂದರು.

ಮಲಗಿದವನಿಗೆ ಸಂಬಂಧಪಟ್ಟ ತೀರ್ಮಾನವನ್ನು ಅವನ ಮುಂದೆಯೇ ಮಾಡಬೇಕು ಅನ್ನುವುದು ನಮ್ಮೂರ ಮರ್ಯಾದೆ. ಹಾಗಾಗಿ ಪಂಚಾಯಿತಿ ನನ್ನ ಮಂಚದ ಸುತ್ತ ಸೇರಿತು. ಮೇಡಂ ಮಸೂರವನ್ನು ಕೈಯಿಂದ ಕೈಗೆ ಕೊಟ್ಟರು. ಪಟೇಲರೂ ನೋಡಿದರು. ನೋಡಿ, ಬಟ್ಟೆಯಲ್ಲಿ ಒರೆಸಿ, ಗೌರವದಿಂದಲೇ ಹಿಂದಕ್ಕೆ ಕೊಟ್ಟರು.

"ನೋಡವ್ವ, ಕಣ್ಣಿಗೆ ಕಾಣ್ದಿರೋ ಹುಳ ನಿದ್ದೆ ಮಾಡ್ತಾ ಐತೆ ಅಂತ ನೀನು ಗಾಜಲ್ಲಿ ತೋರುಸ್ತೀಯ. ಕಣ್ಣೆದುರಿಗೆ ಇಷ್ಟುದ್ದ ಮನ್ಸ ಬಿದ್ದವ್ನೆ. ನಾವು ಯಾವ ನಿದ್ದೆ ನಂಬೋದು?"

ಮೇಡಂ ಮಸೂರವನ್ನು ಡಬ್ಬಿಯೊಳಗೆ ಇಟ್ಟರು. ಅವರ ಓದಿಗೆಲ್ಲ ಅಡ್ಡ ಮಲಗಿದ್ದವನು ನಾನು. ಪಟೇಲರು ಮುಂದುವರಿಸಿದರು. ಒಬ್ಬನನ್ನು ಕಳೆದುಕೊಂಡದ್ದು ಸಾಕು. ಕಣಜ ಇನ್ನು ಊರೊಳಗೆ ಬರಕೂಡದು, ಡಬ್ಬಿ ಇವತ್ತೇ ಊರಾಚೆ ಹೋಗಬೇಕು, ಮೊದಲು ಹೇಳಿದ ಹಾಗೆ ಬದನೆ ಗಿಡ ಕೀಳುವುದು, ಈ ಹೊಲದಿಂದಲೇ ಶುರು. ಗಂಡಸರು ಆಗಲೇ ಗುದ್ದಲಿ ತಂದಿದ್ದರು. ಒಂದು ಗುದ್ದಲಿಯ ಹಿಡಿ ನನ್ನ ಮಂಚದ ಕಾಲಿಗೆ ತಾಗುತ್ತಿತ್ತು.

ಚಿಕ್ಕತಾಯಿ ಈಗ ನನ್ನ ತೊಡೆ ಚಿವುಟುತ್ತಾಳೆ ಅಂತ ನಾನು ಹಲ್ಲು ಕಚ್ಚಿಕೊಂಡು ಕಾದೆ. ಒಂದು ಚಿವುಟು ಸಾಕಿತ್ತು. ಕೆನ್ನೆಯ ಮೇಲೆ ಕೈಯಾಡಿಸಿ, ಇಗೋ ನೋಡಿ ಮತ್ತೆ ಚಿಗುರುತ್ತಿರುವ ಗಡ್ಡ, ಅಂದರೂ ಸಾಕಿತ್ತು. ಅವಳು ಅಂದದ್ದು ಬೇರೆ.

"ಕೀಳಿ ಪಟೇಲ್ರೆ. ಮೊದಲ್ನೇ ಗಿಡ ನಾನೇ ಕೀಳ್ತೀನಿ."

ಅಷ್ಟೇ. ಮೆಟ್ಟಿಲಿಳಿದು ಹೊಲದ ಕಡೆ ನಡೆದಳು. ಹೊಲ ನಮ್ಮ ಜಗಲಿಯ ಮುಂದೆಯೇ, ಬಳೆ ಸದ್ದು ಕೇಳುವಷ್ಟು ಹತ್ತಿರ. ಊರ ಮುಂದೆ ನನ್ನ ಮಾನ ಹೋಗಬಾರದು ಅಂತ ಅವಳು ತನ್ನ ಅವ್ವನ ಬೀಜವನ್ನು ಬಿಟ್ಟುಕೊಡಲು ಹೊರಟಿದ್ದಳು. ನನಗೆ ಮಾನ ಅನ್ನುವುದು ಒಂದಿದೆ ಅಂತ ನಂಬಿದ್ದ ಮನುಷ್ಯರು ಲೋಕದಲ್ಲಿ ಒಬ್ಬರಾದರೂ ಇದ್ದಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಬಳೆ ಸದ್ದು ನಿಂತಿತು. ಬಗ್ಗಿರಬೇಕು. ಬೇರು ಸಡಿಲವಾಗುವ ಸದ್ದು ನನಗೆ ಕೇಳಿಸಿತು, ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ಎದ್ದು ಕೂತೆ.

"ನಿಲ್ಲು ಚಿಕ್ಕತಾಯಿ," ಅಂದೆ. ಒಂದು ವಾರ ಮುಚ್ಚಿದ್ದ ಬಾಯಿ, ಸ್ವರ ಎಮ್ಮೆಕರುವಿನ ಹಾಗೆ ಬಂತು.

ಇಬ್ಬರು ಗುದ್ದಲಿ ಬೀಳಿಸಿಕೊಂಡರು. ಕೆಂಚಪ್ಪ ಕಂಬದ ಹಿಂದೆ ಹೋದ. ಪಟೇಲರು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಲೋ ಮಾಲಿಂಗ. ಆ ಹುಳಗಳ ಲೆಕ್ಕಕ್ಕೆ ನೀನು ಏಳೋ ಹೊತ್ಗೆ ನಮ್ಮ ಮೊಮ್ಮಕ್ಕಳ ಹಲ್ಲು ಬಿದ್ದಿರ್ಬೇಕಿತ್ತು. ಹೆಂಗೋ ಎದ್ದೆ?"

ನಿಜ ಹೇಳಿಬಿಡಬಹುದಿತ್ತು. ನಮ್ಮೂರಲ್ಲಿ ಕಳ್ಳತನಕ್ಕೆ ಕ್ಷಮೆಯಿದೆ, ಕಳ್ಳನಿದ್ದೆಗೆ ಇಲ್ಲ. ಅದೂ ಹೋಗಲಿ, ನಾನು ಕೆಟ್ಟವನೆಂದು ಹಣೆಯ ಮೇಲೆ ಬರೆಸಿಕೊಂಡು ತಿರುಗಲು ಸಿದ್ಧನಿದ್ದೆ ಅಂತಲೇ ಇಟ್ಟುಕೊಳ್ಳಿ. ಆದರೆ ಎಚ್ಚರವಾಗಿದ್ದವನ ಕಾಲಿಗೆ ಹೂ ಹಾಕಿದೆ ಅಂತ ಪಟೇಲರಿಗೆ ಗೊತ್ತಾದರೆ ಆ ಸಿಟ್ಟು ತೀರುವುದು ಎಲ್ಲಿ? ಗುದ್ದಲಿಗಳು ಅಲ್ಲೇ ಇದ್ದವು, ಹೊಲವೂ ಅಲ್ಲೇ ಇತ್ತು. ಹಾಗಾಗಿ ನನ್ನ ಜೀವಮಾನದಲ್ಲಿ ಮೊದಲ ಸಲ, ನನ್ನನ್ನು ಸಣ್ಣವನನ್ನಾಗಿ ಮಾಡುವ ಸುಳ್ಳೊಂದನ್ನು ಹುಡುಕಿದೆ. ಅಭ್ಯಾಸವಿಲ್ಲದ ಕೆಲಸ, ಬೆವರು ಬಂತು.

ಹುಳುವಿನ ಲೆಕ್ಕ ನನಗೆ ಬೀಳಲೇ ಇಲ್ಲ ಅಂದೆ. ಅವತ್ತು ಹಾರ ಹಾಕಿದಿರಲ್ಲ, ಹೂವಿನೊಳಗೆ ಒಂದು ಕಣಜ ಕೂತಿತ್ತು ಅಂತ ಕಾಣುತ್ತದೆ, ಕಿವಿಯ ಹಿಂದೆ ಹರಿದಾಡಿತು, ಕೆರೆದುಕೊಂಡೆ, ಬೆರಳಿಗೆ ಸಿಕ್ಕಿತು. ಅದರ ನಿದ್ದೆಯನ್ನೇ ಇಷ್ಟು ದಿನ ಮಾಡಿದ್ದು.

ಊರು ಇದನ್ನು ನುಂಗಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. ಊರನ್ನು ಉಳಿಸಲು ಬಂದ ಕಣಜ. ಅದನ್ನು ಬಿಡಲು ಜೀವ ಕೊಡುತ್ತೇನೆ ಅಂದವನು. ಅವನು ಕೊಂದದ್ದು ಅದೇ ಕಣಜ. ಮೊದಲು ಕೆಂಚಪ್ಪ ಕಂಬದ ಹಿಂದಿನಿಂದ ಮೂಗಿನಲ್ಲಿ ನಕ್ಕ, ಆಮೇಲೆ ಹೆಂಗಸರು. ಪಟೇಲರು ಕೈಯೆತ್ತಿ ನಗು ನಿಲ್ಲಿಸಿದರು. ಅವರು ನ್ಯಾಯ ಹೇಳುವ ಮನುಷ್ಯ, ಲೆಕ್ಕ ಕೂಡದ ಮಾತನ್ನು ಒಪ್ಪುವವರಲ್ಲ. ಮೇಡಂ ಕಡೆ ತಿರುಗಿ, ಆ ಕಣಜ ಅಷ್ಟು ದಿನ ಬದುಕುತ್ತದಾ ಅಂತ ಕೇಳಿದರು.

ಮೇಡಂಗೆ ಗೊತ್ತಿತ್ತು. ಅವು ರಟ್ಟಿನಿಂದ ಹೊರಬಿದ್ದು ಆಗಲೇ ಎರಡು ಮೂರು ದಿನವಾಗಿತ್ತು, ನಾನು ಮಲಗಿದ ಹೊತ್ತಿಗೆ ಅವುಗಳ ಮುಪ್ಪು ಶುರುವಾಗಿತ್ತು. ಆ ಉಳಿಕೆ ಆಯುಸ್ಸಿಗೆ ಬೆಳಗಿನ ತಿಂಡಿಯಿಂದ ಮಾರನೆಯ ದಿನದ ಊಟದವರೆಗೆ ಮಲಗಿದ್ದರೆ ಹೆಚ್ಚು. ನಾನು ವಾರವೆಲ್ಲ ಬಿದ್ದಿದ್ದೆ. ಅಳೆಯದ್ದನ್ನು ಹೇಳದ ಹೆಂಗಸು ಅವರು. ಕನ್ನಡಕ ತೆಗೆದು ಒರೆಸಿದರು. ಹೊಲದ ಅಂಚಿನಲ್ಲಿ ಚಿಕ್ಕತಾಯಿ ಇನ್ನೂ ಬಗ್ಗಿಕೊಂಡೇ ಇದ್ದಳು, ಎರಡು ಕೈಯಲ್ಲೂ ಗಿಡದ ಬುಡ ಹಿಡಿದಿದ್ದಳು, ಕಿತ್ತಿರಲಿಲ್ಲ, ಬಿಟ್ಟೂ ಇರಲಿಲ್ಲ. ಮೇಡಂ ಅವಳನ್ನು ನೋಡಿದರು. ಕನ್ನಡಕ ಹಾಕಿಕೊಂಡರು.

"ಬದುಕುತ್ತೆ," ಅಂದರು. "ಸರಿಯಾಗಿ ಅಷ್ಟೇ ದಿನ."

ಪಟೇಲರು ತಲೆಯಾಡಿಸಿದರು. ಕಣಜ ಕೊಂದವನು ಕಣಜದ ನಿದ್ದೆ ಮಾಡಿ ಎದ್ದಿದ್ದಾನೆ, ಹುಳುವಿನ ಲೆಕ್ಕ ಅವನಿಗೆ ತಗುಲಿಲ್ಲ, ಆದ್ದರಿಂದ ಕಣಜ ಬಿಡುವುದರಲ್ಲಿ ದೋಷವಿಲ್ಲ, ಅಂತ ತೀರ್ಮಾನವಾಯಿತು. ಗುದ್ದಲಿಗಳು ಮನೆಗೆ ಹೋದವು. ಡಬ್ಬಿಯ ರಟ್ಟುಗಳಲ್ಲಿ ಆಗಲೇ ಒಂದೆರಡು ಚುಕ್ಕಿ ಒಡೆಯುತ್ತಿದ್ದವು. ಅವತ್ತು ಸಂಜೆಯೇ ಚಿಕ್ಕತಾಯಿ, ಮೇಡಂ, ಓಣಿಯ ಹೆಂಗಸರೆಲ್ಲ ಸೇರಿ ಕಟ್ಟಿ ಮುಗಿಸಿದರು. ಪಟೇಲರು ಇನ್ನೊಂದು ಮಾತನ್ನೂ ಸೇರಿಸಿದ್ದರು. ಊರಲ್ಲಿ ಯಾರು ಬೇಕಾದರೂ ಕಣಜದ ರಟ್ಟು ಕಟ್ಟಬಹುದು, ಮಕ್ಕಳೂ ಕಟ್ಟಬಹುದು. ಮಾಲಿಂಗ ಮಾತ್ರ ಮುಟ್ಟಕೂಡದು. ಕಟ್ಟುವ ಹೊತ್ತಿನಲ್ಲಿ ಹೊಲದೊಳಗೆ ಕಾಲಿಡಲೂ ಕೂಡದು.

ಬಸ್ಸಿಗೆ ಹತ್ತಿಸಲು ಹೋದಾಗ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಮಾಲಿಂಗಪ್ಪನವರೇ, ಅಷ್ಟು ದಿನ ಬದುಕೋ ಕಣಜ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ, ಅಂದರು. ನಮ್ಮೂರ ನೀರು ಅಂಥದು ಮೇಡಂ, ಅಂದೆ. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮುಂದಿನ ಡಬ್ಬಿ ಯಾವಾಗ ಕಳಿಸುತ್ತೇನೆ ಅಂತ ಚಿಕ್ಕತಾಯಿಗೆ ಹೇಳಿ ಬಸ್ಸು ಹತ್ತಿದರು.

ಆ ಬೆಳೆಯಲ್ಲಿ ಬಂದ ಬದನೆಕಾಯಿಯ ಗಾತ್ರ ಹೇಳಿದರೆ ನೀವು ಎದ್ದು ಹೋಗುತ್ತೀರಿ, ಅದಕ್ಕೇ ಹೇಳುವುದಿಲ್ಲ. ಹುಳುಕಿರಲಿಲ್ಲ ಅಂತ ಮಾತ್ರ ಹೇಳುತ್ತೇನೆ, ಅದು ನಿಜ. ಚಿಕ್ಕತಾಯಿ ಆ ಗಿಡವನ್ನೇ, ಅರ್ಧ ಸಡಿಲವಾಗಿದ್ದುದನ್ನು ಮಣ್ಣೊತ್ತಿ ನಿಲ್ಲಿಸಿದ್ದನ್ನೇ, ಬೀಜಕ್ಕೆ ಬಿಟ್ಟಳು. ನನಗೆ ಎಣ್ಣೆಗಾಯಿ ಬಡಿಸಿದಳು, ಮೂರು ದಿನ ಮಾತಾಡಲಿಲ್ಲ, ನಾಲ್ಕನೆಯ ದಿನ ಇನ್ನೂ ಒಂದು ಹಾಕಿಕೊಳ್ಳಿ ಅಂದಳು. ಟೀ ಅಂಗಡಿಯಲ್ಲಿ ಈಗ ನಾನು ಕಾಲಿಟ್ಟರೆ ಸಾಕು, ಕೆಂಚಪ್ಪ ಸಕ್ಕರೆ ಡಬ್ಬದ ಮೇಲಿನ ಇರುವೆಗಳಿಗೆ, ಹುಷಾರು ಕಣ್ರಪ್ಪ, ಮಾಲಿಂಗಣ್ಣ ಬಂದ್ರು, ಅನ್ನುತ್ತಾನೆ. ನಾಲ್ಕು ಜನ ನಗುತ್ತಾರೆ. ನಾನು ಅವರಿಗಿಂತ ಜೋರಾಗಿ ನಗುತ್ತೇನೆ. ಆ ನಗುವಿನಲ್ಲಿ ನನ್ನನ್ನು ಮೀರಿಸಿದವರಿಲ್ಲ.

ರಟ್ಟು ಕಟ್ಟುವ ದಿನ ನಾನು ಹೊಲದ ಬದುವಿನ ಆಚೆ ನಿಲ್ಲುತ್ತೇನೆ. ನಿಲ್ಲುವುದರಲ್ಲೂ ಒಂದು ಕಲೆ ಇದೆ, ಎಲ್ಲರಿಗೂ ಬರುವುದಿಲ್ಲ. ಮೊದಮೊದಲು ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕಿತ್ತು. ಈ ಸಲ ಚಿಕ್ಕತಾಯಿ, ಪಟೇಲರ ತೀರ್ಮಾನದಲ್ಲಿ ದಾರದ ಮಾತು ಬಂದಿಲ್ಲ ಅಂತ, ದಾರದ ಉಂಡೆಯನ್ನು ನನ್ನ ಕೈಗೆ ಕೊಟ್ಟು ತಾನು ತುದಿ ಹಿಡಿದುಕೊಂಡು ಸಾಲಿನೊಳಗೆ ಹೋಗಿದ್ದಾಳೆ. ಅಲ್ಲಿಂದ ಒಂದು ಸಲ ಜಗ್ಗಿದರೆ ದಾರ ಬಿಡಬೇಕು ಅಂತ ಅರ್ಥ, ಎರಡು ಸಲ ಜಗ್ಗಿದರೆ ಬಾಯಿ ಮುಚ್ಚಬೇಕು ಅಂತ. ಈ ಕಥೆ ಶುರುಮಾಡಿದಾಗಿನಿಂದ ಅವಳು ಎರಡೆರಡು ಸಲವೇ ಜಗ್ಗುತ್ತಿದ್ದಾಳೆ.